ಮೊದಲು ಲೈನ್ ಕಡಿದವರು ಯಾರು?

ಕಂತು ೯

"ಕಾಕಾ, ಈ ಸಾಲು ನೋಡ್ರಿ," ಅಂದಳು ಸ್ಟುಡಿಯೋದ ಕಂಪ್ಯೂಟರ್ ನೋಡಿಕೊಳ್ಳುವ ಸಪ್ನಾ. ಅವಳ ಬೆರಳು ಪರದೆಗೆ ತಾಗದೆ ಒಂದಿಂಚು ಈಚೆಗೇ ನಿಂತಿತ್ತು.

ಸಾಯಬಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಕಪ್ಪು ಪರದೆಯ ಮೇಲೆ ನಲವತ್ತೈವತ್ತು ಬಿಳಿ ಸಾಲುಗಳು. ಪ್ರತಿ ಸಾಲಿನಲ್ಲೂ ಎರಡು ಉದ್ದನೆಯ ನಂಬರು, ಕೊನೆಗೊಂದು ಇಂಗ್ಲಿಷ್ ಪದ.

"ಈ ನಂಬರ್ ವಸಂತಿ ಮೇಡಂ ಮನೀ ಇಂಟರ್ನೆಟ್ಟಿಂದು. ಘಾಟ್ಕೋಪರ್ ಫ್ಲ್ಯಾಟಿಂದು. ಕೊನೀಗೆ ಏನ್ ಐತಿ, ಓದ್ರಿ."

"ಎಸ್ಟಾಬ್ಲಿಷ್ಡ್. ಅಂದ್ರ?"

"ಅಂದ್ರ... ಮತ್ಲಬ್, ಮಾತು ಚಾಲೂ ಐತಿ. ಆ ಕಡೆ ಅವರು ಅದಾರ, ಈ ಕಡೆ ನಾವು ಅದೀವಿ."

ಮನೆಯಿಂದಲೇ ಈ ಸ್ಟುಡಿಯೋಗೆ ದನಿ ಕೊಡುತ್ತಿದ್ದ ಡಬ್ಬಿಂಗ್ ಕಲಾವಿದೆ ವಸಂತಿ ಸತ್ತು ಹನ್ನೆರಡು ದಿನವಾಗಿತ್ತು. ಅವಳು ತನ್ನದೇ ಬಿಲ್ಡಿಂಗಿನ ಲಿಫ್ಟಿನ ಗುಂಡಿಗೆ ಬಿದ್ದು ಸತ್ತದ್ದು ಆಕಸ್ಮಿಕ ಎಂದು ಪೊಲೀಸರು ಕೇಸು ಮುಚ್ಚಿದ್ದರು. ಅಲ್ಲ ಎಂದು ನಿವೃತ್ತ ಪೊಲೀಸ್ ಸಾಯಬಣ್ಣನ ಮನೆ ಬಾಗಿಲಿಗೆ ಬಂದವಳು ಅವಳ ಅಕ್ಕ, ಶಾಲೆಯ ಟೀಚರ್ ಚಂಪಾ ಒಬ್ಬಳೇ.

ಗೋರೆಗಾಂವಿನ ಆ ಡಬ್ಬಿಂಗ್ ಸ್ಟುಡಿಯೋದ ಸರ್ವರ್ ಕೋಣೆ ಹಿಂದೆ ಮೇಕಪ್ ಕೋಣೆಯಾಗಿತ್ತು. ಗೋಡೆಯ ತುಂಬ ಹಳೆಯ ಕನ್ನಡಿ ಹಾಗೇ ಉಳಿದಿತ್ತು. ಅದರ ಮುಂದೆ, ನಟಿಯರು ಕೂರುತ್ತಿದ್ದ ಜಾಗದಲ್ಲಿ, ಕಬ್ಬಿಣದ ಕಪಾಟಿನೊಳಗೆ ಯಂತ್ರ ಗುಯ್ಗುಡುತ್ತಿತ್ತು. ಅದರ ಹಸಿರು ದೀಪಗಳು ಕನ್ನಡಿಯೊಳಗೂ ಮಿನುಗುತ್ತಿದ್ದವು. ಹೊರಗೆ ಮಧ್ಯಾಹ್ನ ಮೂರರ ಬಿಸಿಲು. ಒಳಗೆ ಎಸಿಯ ಚಳಿ, ಎಷ್ಟೋ ವರ್ಷದ ಹಳೆಯ ಪೌಡರಿನ ವಾಸನೆ.

"ಪೊಲೀಸರ ಫೋಟೋದಾಗ ಆಕಿ ಕಂಪ್ಯೂಟರಿನ ಪ್ಲಗ್ ಕಿತ್ತು ನೆಲದ ಮ್ಯಾಲೆ ಬಿದ್ದೈತಿ," ಅಂದ ಸಾಯಬಣ್ಣ. "ಮನೀಗೆ ಬೀಗ. ಹಂಗಿದ್ದಾಗ ಮಾತಾಡ್ಲಿಕತ್ತಾವ್ರು ಯಾರವ್ವಾ?"

"ಯಾರೂ ಇಲ್ಲ ಕಾಕಾ." ಸಪ್ನಾ ತಡವರಿಸಿದಳು. ಅವಳ ಅಪ್ಪ ಅವ್ವ ವಿಜಯಪುರದ ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಮುಂಬೈಯಲ್ಲಿ, ಕನ್ನಡ ಅವಳಿಗೆ ಮನೆಯೊಳಗಿನ ಭಾಷೆ ಮಾತ್ರ. "ಹೆಂಗ್ ಹೇಳ್ಲಿ... ಫೋನ್ ಅಂತ ತಿಳ್ಕೊಳ್ರಿ."

"ಫೋನ್ ಬ್ಯಾಡ. ನಾ ಕಂಟ್ರೋಲ್ ರೂಮಿನ್ಯಾಗ ನಾಕು ವರ್ಷ ವಾಯರ್ಲೆಸ್ ಮ್ಯಾಲೆ ಕುಂತಾಂವ. 'ಓವರ್' ಅಂದ್ರ ಈಗ ನಿನ್ನ ಪಾಳಿ. 'ಔಟ್' ಅಂದ್ರ ಮಾತು ಮುಗೀತು. ಅದರಾಗ ಹೇಳು."

ಸಪ್ನಾಳ ಮುಖ ಅರಳಿತು. "ಹಾಂ, ವೊಹೀ, ಅದೇ. ನೋಡ್ರಿ, ಇಲ್ಲಿ ಮೇಲೆ 'ಲಿಸನ್' ಐತಲ್ಲ? ಸರ್ವರ್ ಬಾಗಿಲಾ ತೆಗೆದು ಕುಂತೈತಿ, ಯಾರ್ ಬರ್ತಾರ ಅಂತ. ಯಾರರ ಬಂದು ಮಾತು ಕೂಡ್ತು ಅಂದ್ರ 'ಎಸ್ಟಾಬ್ಲಿಷ್ಡ್'. ಆಮ್ಯಾಲೆ ಇಬ್ರೂ ಔಟ್ ಅನ್ನಬೇಕು. ಒಬ್ರು ಅಂದ್ರ ಸಾಲಂಗಿಲ್ಲ."

"ವಸಂತಿ ಔಟ್ ಅಂದಿಲ್ಲ?"

"ಅವರ ಕಂಪ್ಯೂಟರ್ ಅಂದಿಲ್ಲ. ಸರಿಯಾಗಿ ಬಂದ್ ಮಾಡಿದ್ರ ಅದು ಎಲ್ಲಾ ಲೈನಿಗೂ ಔಟ್ ಅಂತ ಹೇಳೇ ಬಂದ್ ಆಗ್ತದ. ಪ್ಲಗ್ ಕಿತ್ತರ ಹೇಳಾಕ ಟೈಮ್ ಎಲ್ಲಿ ಐತಿ? ಸುಮ್ಮನ ಸತ್ತು ಹೋಗ್ತದ. ಸರ್ವರಿಗೆ ಗೊತ್ತ ಆಗಂಗಿಲ್ಲ. ನಡುನಡುವೆ 'ಅದೀರೇನು?' ಅಂತ ಕೇಳೋ ಸೆಟ್ಟಿಂಗ್ ಇರ್ತದ, ಇಲ್ಲಿ ಅದನ್ನ ಯಾರೂ ಚಾಲೂ ಮಾಡಿಲ್ಲ. ಅದಕ್ಕ ಹನ್ನೆರಡು ದಿನದಿಂದ ಹಂಗೇ ಕಾಯಾಕತ್ತೈತಿ. ಅವರು ಇನ್ನೂ ಅದಾರ ಅಂತ ತಿಳ್ಕೊಂಡೈತಿ."

ಹೀಗೆ ಹೇಳಿದ ಮೇಲೆ ದೆವ್ವದ ಅಂಜಿಕೆ ಹೋಗಬೇಕಾಗಿತ್ತು. ಸಾಯಬಣ್ಣನಿಗೆ ಹೋಗಲಿಲ್ಲ. ಸತ್ತವಳ ಸುದ್ದಿ ಮುಟ್ಟದೆ ಯಂತ್ರವೊಂದು ಬಾಗಿಲಲ್ಲಿ ಕೂತಿದೆ ಎಂಬುದು ದೆವ್ವಕ್ಕಿಂತ ಹೆಚ್ಚಾಗಿ ಅವನ ಎದೆಯನ್ನು ಹಿಂಡಿತು.

"ಇವು ಏನು? ಇಷ್ಟೊಂದು ಅದಾವು." ಅವನು ಕೆಳಗಿನ ಸಾಲುಗಳತ್ತ ತೋರಿಸಿದ.

"'ಕ್ಲೋಸ್ ವೇಟ್'. ಆ ಕಡಿಯವರು ಔಟ್ ಅಂದು ಹೋಗ್ಯಾರ. ನಾವ ಇನ್ನೂ ಔಟ್ ಅಂದಿಲ್ಲ, ಹಿಡ್ಕೊಂಡು ಕುಂತೀವಿ. ನಮ್ಮ ಸಾಫ್ಟ್‌ವೇರ್ ಸರಿ ಇಲ್ಲ ಕಾಕಾ. ಇವು ಹೆಚ್ಚಾಗಿ ಹೆಚ್ಚಾಗಿ ಸರ್ವರ್ ಜಾಮ್ ಆಗ್ತದ."

ಹೆಂಡತಿ ಮಲ್ಲಕ್ಕ ಹೋದದ್ದು ಮೂರು ವರ್ಷದ ಹಿಂದೆ. ಆಸ್ಪತ್ರೆಯ ಮಂಚದ ಮೇಲೆ ಗಂಡನ ಕಡೆ ತಿರುಗಿ, "ನಾ ಹೊಂಟೆ," ಅಂದಿದ್ದಳು. ಸಾಯಬಣ್ಣ ಆಗ ನರ್ಸನ್ನು ಕೂಗುತ್ತಿದ್ದ. ತಿರುಗಿ ಒಂದು ಮಾತು ಹೇಳಲಿಲ್ಲ. ಈಗಲೂ ಬೆಳಿಗ್ಗೆ ಎರಡು ಕಪ್ ಚಹಾಕ್ಕೆ ನೀರಿಡುತ್ತಾನೆ.

ಅವನು ಮತ್ತೆ ಪರದೆಯ ಕಡೆ ಬಗ್ಗಿದ. "ಆ ದಿನದ ಲೆಕ್ಕ ಎಲ್ಲ್ಯರ ಐತೇನು? ವಸಂತಿ ಸತ್ತ ದಿನದ್ದು?"

"ಐತಿ. ಜಾಮ್ ಯಾಕ ಆಗ್ತೈತಿ ಅಂತ ಹುಡುಕಾಕ ಅರ್ಧ ನಿಮಿಷಕ್ಕೊಮ್ಮೆ ಈ ಪಟ್ಟಿ ಬರ್ಕೊಂಡು ಇಡೋ ಹಂಗ ನಾನೇ ಮಾಡಿಟ್ಟಿದ್ದೆ. ಯಾರಿಗೂ ಹೇಳಿಲ್ಲ. ಸೌಂಡ್ ನೋಡೋ ಸುಭಾಷ್ ಸರ್‌ಗೂ ಗೊತ್ತಿಲ್ಲ."

ಅವಳ ಬೆರಳುಗಳು ಓಡಿದವು. ಸಾಲುಗಳು ಹಿಂದಕ್ಕೆ ಹಿಂದಕ್ಕೆ ಸರಿದು ನಿಂತವು.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಸಂತಿಯ ಮನೆಯಿಂದ ಎರಡು ಲೈನು ಬಂದಿದ್ದವು. ಒಂದು ಮಾತಿನದು, ಇನ್ನೊಂದು ರೆಕಾರ್ಡಾದ ಫೈಲು ಬರುವುದು. ಎರಡರ ಮುಂದೆಯೂ ಎಸ್ಟಾಬ್ಲಿಷ್ಡ್. ಹನ್ನೊಂದು ನಲವತ್ತರವರೆಗೂ ಹಾಗೇ. ಹನ್ನೊಂದು ನಲವತ್ತೊಂದಕ್ಕೆ ಮಾತಿನ ಲೈನಿನ ಮುಂದೆ ಹೊಸ ಪದ ಬಂದಿತ್ತು. ಮುಂದಿನ ಪಟ್ಟಿಯಲ್ಲೂ ಅದೇ ಪದ. ಆಮೇಲೆ ಆ ಸಾಲೇ ಇಲ್ಲ. ಫೈಲಿನ ಲೈನು ಮಾತ್ರ ಒಂಟಿಯಾಗಿ ಉಳಿದು, ಹನ್ನೆರಡು ದಿನ ದಾಟಿ, ಇವತ್ತಿನ ಪರದೆಯವರೆಗೂ ಬಂದಿತ್ತು.

"'ಟೈಮ್ ವೇಟ್'," ಓದಿದ ಸಾಯಬಣ್ಣ.

"ಇಬ್ರೂ ಔಟ್ ಅಂದ್ರು, ಮುಗೀತು. ಆದ್ರೂ ಒಂದ್ ನಿಮಿಷ ಅಲ್ಲೇ ನಿಂತಿರೋದು. ದಾರ್ಯಾಗ ಯಾವುದಾರ ಮಾತು ತಡ ಆಗಿ ಬಂದ್ರ, ಅಂತ." ಹೇಳುತ್ತ ಹೇಳುತ್ತಲೇ ಸಪ್ನಾಳ ದನಿ ಇಳಿಯಿತು. "ಆದ್ರ ಕಾಕಾ, ಹಂಗ ನಿಲ್ಲೋದು ಯಾರು ಮೊದಲ ಔಟ್ ಅಂತಾರೋ ಅವರು ಮಾತ್ರ."

ಸಾಯಬಣ್ಣ ನೆಟ್ಟಗಾದ. "ಇನ್ನೊಮ್ಮೆ ಹೇಳು."

"ಯಾರ್ ಮೊದಲ ಲೈನ್ ಇಡ್ತಾರೋ ಅವರ ಕಡೀಗೆ ಟೈಮ್ ವೇಟ್ ಬರ್ತದ. ಇದು ನಮ್ಮ ಸರ್ವರಿನ ಪಟ್ಟಿ. ನಮ್ಮ ಕಡೀಗೆ ಬಂದೈತಿ. ಅಂದ್ರ ಮೊದಲ ಇಟ್ಟಿದ್ದು ನಾವ. ಮೇಡಂ ಅಲ್ಲ."

ಸೌಂಡ್ ಇಂಜಿನಿಯರ್ ಸುಭಾಷ ಪೊಲೀಸರಿಗೆ ಹೇಳಿದ ಒಂದೇ ಮಾತಿನ ಮೇಲೆ ಇಡೀ ಕೇಸು ನಿಂತಿತ್ತು. 'ಹೊರಗೆ ಹೋಗಬೇಕು ಎಂದು ಹೇಳಿ ವಸಂತಿಯೇ ಹನ್ನೊಂದು ನಲವತ್ತಕ್ಕೆ ಲೈನ್ ಕಟ್ ಮಾಡಿದರು.' ಅವಸರದಲ್ಲಿ ಹೊರಟಳು, ಲಿಫ್ಟಿನ ಬಾಗಿಲು ತೆರೆದಿತ್ತು, ಲಿಫ್ಟು ಇರಲಿಲ್ಲ. ಹನ್ನೆರಡೂ ಹತ್ತಕ್ಕೆ ವಾಚ್‌ಮನ್ ಹೆಣ ನೋಡಿದ. ಅಷ್ಟೇ.

"ಇದನ್ನ ಕಾಗದದ ಮ್ಯಾಲೆ ತಗದು ಕೊಡು," ಅಂದ ಸಾಯಬಣ್ಣ.

*

ರೆಕಾರ್ಡಿಂಗ್ ಕೋಣೆಯ ಬಾಗಿಲು ಮುಚ್ಚಿದರೆ ಗೋರೆಗಾಂವ್ ಇದ್ದಕ್ಕಿದ್ದ ಹಾಗೆ ಇಲ್ಲವಾಗುತ್ತಿತ್ತು. ರಿಕ್ಷಾ ಇಲ್ಲ, ಕಾಗೆ ಇಲ್ಲ, ಪಕ್ಕದ ಸೈಟಿನ ಡ್ರಿಲ್ಲಿಂಗ್ ಇಲ್ಲ. ಗೋಡೆ, ಚಾವಣಿ, ಬಾಗಿಲು ಎಲ್ಲಕ್ಕೂ ಬೂದು ಬಣ್ಣದ ಸ್ಪಂಜು. ಆಡಿದ ಮಾತು ತುಟಿಯಿಂದ ಹೊರಬಿದ್ದಲ್ಲೇ ಸಾಯುತ್ತಿತ್ತು. ಸಾಯಬಣ್ಣನಿಗೆ ತನ್ನ ರಕ್ತದ ಸದ್ದು ಕಿವಿಯಲ್ಲಿ ಕೇಳತೊಡಗಿತು.

ಸುಭಾಷನಿಗೆ ಮೂವತ್ತನಾಲ್ಕರ ಸುಮಾರು ವಯಸ್ಸು. ಗಡ್ಡ ಬಿಟ್ಟಿದ್ದ, ಕಣ್ಣ ಕೆಳಗೆ ಕಪ್ಪು. ಮಿಕ್ಸರಿನ ಮುಂದೆ ಕೂತವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಎಲ್ಲಾ ಪೊಲೀಸ್ ಸ್ಟೇಷನ್ನಾಗ ಹೇಳೀನಿ ಸರ್."

"ನನಗೂ ಒಮ್ಮಿ ಹೇಳು. ವಸಂತಿ ಕಡೀಗೆ ಏನಂದಳು?"

"ಹೊರಗ ಹೋಗಬೇಕು ಅಂದ್ರು. ಕಟ್ ಮಾಡಿದ್ರು."

"ಆಕಿನೇ?"

"ಆಕಿನೇ ಸರ್."

ಸಾಯಬಣ್ಣ ಕಾಗದ ಬಿಡಿಸಿ ಮಿಕ್ಸರಿನ ಮೇಲಿಟ್ಟ. ಒಂದೇ ಸಾಲಿಗೆ ಸಪ್ನಾ ಕೆಂಪು ಗೆರೆ ಹೊಡೆದಿದ್ದಳು. ಸುಭಾಷ ಅದನ್ನು ಓದಿದ. ಅದರ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆರಳಿಗೆ ಸುತ್ತಿದ ವೈರು ಸಡಿಲಾಯಿತು.

"ಮೆಷಿನ್ ಸುಳ್ಳು ಹೇಳಂಗಿಲ್ಲ ಅಂತ ನಾ ಅನ್ನಂಗಿಲ್ಲ," ಅಂದ ಸಾಯಬಣ್ಣ ಮೆಲ್ಲಗೆ. "ನೀನಽ ಹೇಳು. ಅದು ಸುಳ್ಳೇನು?"

ಸುಭಾಷ ಕಾಗದವನ್ನು ಹಿಂದಕ್ಕೆ ಸರಿಸಿದ.

"ನಾನಽ ಕಟ್ ಮಾಡ್ದೆ," ಅಂದ ಸುಭಾಷ.

"ಯಾಕ?"

"ಅಂಜಿಕಿ ಬಂತು ಸರ್."

"ಯಾರ ಅಂಜಿಕಿ?"

ಅವನು ಎದ್ದು ಹೋಗಿ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿದ. ಮತ್ತೆ ಬಂದು ಕೂತ. ಆಮೇಲೆ ಅವನು ಹೇಳಿದ್ದನ್ನು ಸಾಯಬಣ್ಣ ನಡುವೆ ತಡೆಯದೆ ಕೇಳಿದ.

"ಒಂದು ಹಿಂದಿ ಸೀರಿಯಲ್, ಕನ್ನಡಕ್ಕ ಡಬ್ ಮಾಡ್ಲಿಕತ್ತಿದ್ವಿ. ವಸಂತಕ್ಕ ಅದರಾಗ ತಾಯಿ. 'ಬಾಗಿಲು ತೆಗೆ ಮಗಳೇ, ನಾನೇ ಬಂದಿದ್ದೇನೆ.' ಇದಿಷ್ಟು ಲೈನು. ಎಂಟು ವರ್ಷದಿಂದ ಆಕಿನ ದನಿ ನಾ ಕೇಳೀನಿ ಸರ್. ಟೇಕಿಗೊಮ್ಮೆ ನೀರು ಕುಡೀತಾಳ, ಗಂಟಲ ಸರಿ ಮಾಡ್ಕೋತಾಳ, 'ಇದು ಬ್ಯಾಡ ಸುಭಾಷ್, ಇನ್ನೊಂದು' ಅಂತಾಳ. ಆವತ್ತು ಏನೂ ಇಲ್ಲ. ಆರು ಟೇಕು, ಆರೂ ಒಂದೇ ಉದ್ದ. ಕೂದಲೆಳಿ ಫರಕಿಲ್ಲ. ಆವತ್ತು ಭಾಳ ಛಲೋ ಮೂಡಿನಾಗ ಅದಾಳ ಅಂತ ನಾ ಖುಷಿ ಆದೆ."

"ಆಮ್ಯಾಲೆ?"

"ಏಳನೇ ಟೇಕು. ಆಕಿ 'ಬಾಗಿಲು ತೆಗೆ ಮಗಳೇ' ಅನ್ನಾಕತ್ತಾಳ. ಹಿಂದಿಂದ, ದೂರದಿಂದ, ಬಾಗಿಲಾ ತೆಗೆದ ಸಪ್ಪಳ. ಚಪ್ಪಲಿ ಬಿಟ್ಟ ಸಪ್ಪಳ. ಆಮ್ಯಾಲೆ ಒಂದು ದನಿ. 'ಏರ್ ಉಲಾಯಿ?' ಅಂತು."

"ತುಳು ಏನು ಅದು?"

"ಹೂಂ. ಕೆಳಗಿನ ಹೋಟೆಲಿನವರನ್ನ ಆಮ್ಯಾಲೆ ಕೇಳ್ದೆ. ಒಳಗ ಯಾರು ಅಂತ ಅರ್ಥ ಅಂತ." ಸುಭಾಷ ತಲೆ ಎತ್ತಿದ. ಕಣ್ಣು ತುಂಬಿದ್ದವು. "ಆ ದನಿ ವಸಂತಕ್ಕಂದು ಸರ್. ಹಿಂದ ನಿಂತು ಕೇಳಿದಾಕಿ ವಸಂತಕ್ಕ. ಮೈಕಿನ ಮುಂದ ಮಾತಾಡಾಕತ್ತಾಕಿನೂ ವಸಂತಕ್ಕ. ಮುಂದಿನಾಕಿ ನಿಲ್ಲಿಸಲೇ ಇಲ್ಲ. 'ನಾನೇ ಬಂದಿದ್ದೇನೆ' ಅಂತ ಲೈನ್ ಪೂರಾ ಮಾಡಿದಳು. ನನ್ನ ಕೈ ತಾನಽ ಹೋಗಿ ಕಟ್ ಮಾಡ್ತು."

ಸಾಯಬಣ್ಣನ ಮುಂಗೈಯ ರೋಮ ಎದ್ದು ನಿಂತಿದ್ದವು. ಅವನು ಅಂಗಿಯ ತೋಳು ಕೆಳಗೆಳೆದುಕೊಂಡ.

ಒಬ್ಬಳು ಹೆಂಗಸು ಬೆಳಿಗ್ಗೆ ಎಲ್ಲಿಗೋ ಹೋಗಿ ಮನೆಗೆ ಬಂದು ಬೀಗ ತೆಗೆಯುತ್ತಾಳೆ. ಒಳಕೋಣೆಯಿಂದ ಅವಳದೇ ದನಿ ಕೇಳುತ್ತದೆ. ಅವಳು ಚಪ್ಪಲಿ ಬಿಟ್ಟು, ಯಾರು ಎಂದು ಕೇಳುತ್ತಾಳೆ. ಅರ್ಧ ಗಂಟೆಯಲ್ಲಿ ಲಿಫ್ಟಿನ ಗುಂಡಿಯಲ್ಲಿರುತ್ತಾಳೆ.

"ಮೈಕಿನ ಮುಂದಿದ್ದದ್ದು ಮಾಡಿದ ದನಿ," ಅಂದ ಸಾಯಬಣ್ಣ. ಅದು ಪ್ರಶ್ನೆಯಾಗಿರಲಿಲ್ಲ.

"ಹೂಂ ಸರ್. ಈಗ ಕಂಪ್ಯೂಟರಿನ್ಯಾಗ ಯಾರ ದನೀನರ ಮಾಡಬಹುದು. ಆದ್ರ ಅಷ್ಟು ಹುಬೇಹೂಬ್ ಆಗಬೇಕಂದ್ರ ಆಕಿ ರೆಕಾರ್ಡಿಂಗ್ ರಾಶಿಗಟ್ಟಲೆ ಬೇಕು. ಯಾರೋ ಆಕಿ ಕಂಪ್ಯೂಟರ್ ಮುಂದ ಕುಂತು ಆ ದನಿ ಬಿಟ್ಟಾರ. ಮೈಕ್ ಬಂದ್ ಮಾಡೋದು ಮರತಾರ. ಅದಕ್ಕ ನನಗ ಕೇಳಿಸ್ತು."

"ನಾಕು ಮಂದಿಗೆ ಗೊತ್ತಾಗಬೇಕಾದ ಮಾತು ಇದು. ಹನ್ನೆರಡು ದಿನ ಯಾಕ ನುಂಗಿಕೊಂಡು ಕುಂತಿ?"

"ಯಾರ್ ನಂಬ್ತಾರ ಸರ್? ಮತ್ತ..." ಅವನು ಮುಖ ಆ ಕಡೆ ತಿರುಗಿಸಿದ. "ನಾ ಕಟ್ ಮಾಡದ ಇದ್ದಿದ್ರ ಮುಂದ ಏನಾತು ಅನ್ನೋದು ಕೇಳ್ತಿತ್ತು. ಕೂಗಬಹುದಿತ್ತು. ವಾಚ್‌ಮನ್‌ಗೆ ಫೋನ್ ಹಚ್ಚಬಹುದಿತ್ತು. ದಿನಾ ಅದಽ ಕಾಡ್ತೈತಿ. ರಿಕ್ಷಾದಾಗ ಕುಂತ್ರೂ 'ಏರ್ ಉಲಾಯಿ' ಅಂತ ಹಿಂದಿಂದ ಕೇಳ್ತೈತಿ."

ಸಾಯಬಣ್ಣ ಅವನ ಭುಜದ ಮೇಲೆ ಕೈಯಿಟ್ಟ. ಮೂವತ್ತು ವರ್ಷದ ನೌಕರಿಯಲ್ಲಿ ಅಪರಾಧಿಗಳ ಅಳು ನೋಡಿದ್ದ, ಅಪರಾಧ ಮಾಡದವರ ಅಳೂ ನೋಡಿದ್ದ. ಇದು ಎರಡನೆಯದು.

"ಆ ಏಳನೇ ಟೇಕು ಎಲ್ಲಿ ಐತಿ?"

"ನನ್ನ ಹತ್ರ ಐತಿ ಸರ್. ಇದರಾಗಽ." ಅವನು ಮಿಕ್ಸರಿನ ಪಕ್ಕದ ಕಂಪ್ಯೂಟರನ್ನು ಮುಟ್ಟಿದ. "ಸರ್ವರಿಗೆ ಹಾಕಿಲ್ಲ. ತಿರುಗಿ ಕೇಳೋ ಧೈರ್ಯ ಆಗಿಲ್ಲ."

"ನಾ ಕೇಳ್ತೀನಿ. ಹಚ್ಚು."

ಸುಭಾಷ ಕೈ ಚಾಚುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಪ್ನಾ ಬಂದಳು. ಲ್ಯಾಪ್‌ಟಾಪ್ ಹಿಡಿದು ಓಡಿಬಂದಿದ್ದಳು. ಏದುಸಿರಿನಲ್ಲಿ ಅವಳಿಗೆ ಮೊದಲು ಹೊರಟದ್ದು ಹಿಂದಿ. ಆಮೇಲೆ ಕನ್ನಡ.

"ಕಾಕಾ, ಹೊಸಾ ಲೈನ್ ಬಂದೈತಿ. ಇದೀಗ. ಹಳೇದು ಅಲ್ಲ, ಮನೀ ನಂಬರೂ ಅಲ್ಲ. ಬ್ಯಾರೆ ಎಲ್ಲಿಂದಲೋ. ಆದ್ರ ಲಾಗಿನ್ ಆಗಿದ್ದು ವಸಂತಿ ಮೇಡಂ ಹೆಸರಿನ ಮ್ಯಾಲೆ. ಪಾಸ್‌ವರ್ಡ್ ಒಂದ್ ಸಲಕ್ಕಽ ಸರಿ ಹಾಕ್ಯಾರ."

ಅವಳು ಹೇಳಿ ಮುಗಿಸುವ ಮುಂಚೆ ಮಿಕ್ಸರಿನ ಒಂದು ದೀಪ ಹಸಿರಾಯಿತು. ಸುಭಾಷ ಕುರ್ಚಿಯನ್ನು ಹಿಂದಕ್ಕೆ ದೂಡಿಕೊಂಡು ಗೋಡೆಗೆ ಒರಗಿ ನಿಂತ.

ಸ್ಪೀಕರಿನಿಂದ ಹೆಂಗಸಿನ ದನಿ ಬಂತು. ತುಂಬಿದ ದನಿ, ಕರಾವಳಿಯ ಎಳೆತ, ಮಾತಿನ ಅಂಚಿನಲ್ಲೊಂದು ಸಣ್ಣ ನಗು. ಆ ದನಿಯವಳು ಬದುಕಿದ್ದಾಗ ಸಾಯಬಣ್ಣ ಅದನ್ನು ಕೇಳಿರಲಿಲ್ಲ. ಆದರೆ ಸುಭಾಷನ ಮುಖ ನೋಡಿದ ಮೇಲೆ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

"ಸುಭಾಷ್, ಕೇಳ್ತದಾ?"

ಸಪ್ನಾ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದಳು.

"ಸುಭಾಷ್, ಕೇಳ್ತದಾ?" ಅದೇ ಉದ್ದ, ಅದೇ ನಗು.

ಸುಭಾಷನ ಕೈ ಮಿಕ್ಸರಿನತ್ತ ಹೊರಟಿತು. ಸಾಯಬಣ್ಣ ಅದನ್ನು ಗಟ್ಟಿಯಾಗಿ ಹಿಡಿದ. ಈ ಸಲ ಮೊದಲು ಲೈನ್ ಇಡುವವರು ನಾವಾಗಬಾರದು ಎಂದು ಕಣ್ಣಲ್ಲೇ ಹೇಳಿದ. ಸಪ್ನಾಳ ಕಡೆ ತಿರುಗಿ, ಎಲ್ಲಿಂದ ಅಂತ ಹುಡುಕು ಎಂದು ಕೈಸನ್ನೆ ಮಾಡಿದ. ಅವಳು ತಲೆಯಾಡಿಸಿ ಬಾಗಿಲ ಬಳಿಯೇ ನೆಲಕ್ಕೆ ಕೂತು ಲ್ಯಾಪ್‌ಟಾಪ್ ಬಿಚ್ಚಿದಳು.

"ಹೇಳು," ಎಂದು ಸಾಯಬಣ್ಣ ಸುಭಾಷನ ಕಿವಿಯಲ್ಲಿ ಉಸುರಿದ. "ಕೇಳ್ತೈತಿ ಅನ್ನು."

"ಕೇಳ್ತೈತಿ... ವಸಂತಕ್ಕ." ಸುಭಾಷ ಮೈಕಿನ ಕಡೆ ಬಗ್ಗಿ ಹೇಳಿದ.

ಆ ಕಡೆಯಿಂದ ಯಾರೋ ಟೈಪು ಮಾಡುವ ಟಕಟಕ ಸಣ್ಣಗೆ ಕೇಳಿತು. ಆಮೇಲೆ ದನಿ.

"ಅವತ್ತಿನ ಏಳನೇ ಟೇಕು ನಿನ್ನ ಹತ್ರ ಉಂಟಲ್ಲ? ಅದನ್ನು ನನಗೆ ಕಳಿಸು. ನಿನ್ನ ಕಡೆಯದ್ದು ಅಳಿಸಿಬಿಡು, ಆಯ್ತಾ?"

ಸುಭಾಷ ಸಾಯಬಣ್ಣನನ್ನು ನೋಡಿದ. ಸಾಯಬಣ್ಣ ಬೆರಳು ಆಡಿಸಿ, ಹೊತ್ತು ಎಳೆ ಎಂದು ತೋರಿಸಿದ.

"ಹುಡುಕಬೇಕಾಗ್ತೈತಿ ಅಕ್ಕ. ಹತ್ತು ನಿಮಿಷ ಕೊಡ್ರಿ."

ಟಕಟಕ. "ಕಾಯ್ತೇನೆ."

ಹತ್ತು ನಿಮಿಷ ಸಿಕ್ಕಿತು. ಸಾಯಬಣ್ಣನ ತಲೆ ಓಡುತ್ತಿತ್ತು. ಇದು ವಸಂತಿಯ ದನಿಯಲ್ಲ ಎಂದು ಕೋರ್ಟಿನಲ್ಲಿ ಹೇಳಬಲ್ಲವರು ಯಾರು? ಸುಭಾಷನಿಗೆ ಎಂಟು ವರ್ಷದ ಪರಿಚಯ. ಹುಟ್ಟಿದಾಗಿನಿಂದ ಕೇಳಿದವಳು ಒಬ್ಬಳೇ ಉಳಿದಿದ್ದಾಳೆ. ಚಂಪಾ ಈ ದನಿಯನ್ನು ಈಗಲೇ, ಫೋನಿನಲ್ಲೇ, ಒಮ್ಮೆ ಕೇಳಬೇಕು. ಇವಳು ನನ್ನ ತಂಗಿಯಲ್ಲ ಎಂದು ಹೇಳಬೇಕು.

ಅವನು ಮೊಬೈಲ್ ತೆಗೆದು ಚಂಪಾಳ ನಂಬರು ಒತ್ತಿ, ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ಸರಿದ.

ಕಿವಿಯಲ್ಲಿ ರಿಂಗ್ ಆಗತೊಡಗಿತು.

ಸ್ಪೀಕರಿನೊಳಗೆ, ಎಲ್ಲೋ ಹಿಂದೆ, ಒಂದು ಫೋನು ರಿಂಗಣಿಸತೊಡಗಿತು.

ಸಪ್ನಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಸುಭಾಷ ಸ್ಪೀಕರನ್ನೂ ಸಾಯಬಣ್ಣನ ಕೈಯಲ್ಲಿದ್ದ ಮೊಬೈಲನ್ನೂ ಒಂದಾದ ಮೇಲೊಂದು ನೋಡಿದ. ಮೂರು ರಿಂಗು. ನಾಲ್ಕು. ಟಕಟಕ ನಿಂತಿತು. ಕುರ್ಚಿ ಸರಿದ ಸದ್ದು ಬಂತು.

ಐದನೆಯ ರಿಂಗಿಗೆ ಫೋನು ಎತ್ತಿದರು.

"ಹೇಳಿ ಸಾಯಬಣ್ಣನವರೇ," ಅಂದಳು ಚಂಪಾ. ದನಿಯಲ್ಲಿ ಎಳ್ಳಷ್ಟೂ ಗಾಬರಿಯಿರಲಿಲ್ಲ. "ನಾನು ಶಾಲೆಯಲ್ಲಿದ್ದೇನೆ. ಮಕ್ಕಳ ಪರೀಕ್ಷೆ ನಡೀತಾ ಉಂಟು. ಸಂಜೆ ಮಾತಾಡುವಾ."

ಆ ಮಾತುಗಳಷ್ಟೂ, ಅರೆಗಳಿಗೆ ತಡವಾಗಿ, ಒಂದೊಂದಾಗಿ ಸ್ಪೀಕರಿನಿಂದಲೂ ಹೊರಗೆ ಬಂದವು.